ಗೆದ್ದಾನು, ಗೆದ್ದರೂ ಗೆದ್ದಾನು: ಸಿಡ್ನಿಯಿಂದ ಮೆಲ್ಬರ್ನ್‌ಗೆ ಒಂದು ಕುಸ್ತಿ ಪ್ರಯಾಣ

"ತಾತ ಸುಳ್ಳು ಹೇಳಿದ್ರು" ಎಂದು ಮಗ ಮುಖ ಊದಿಸಿಕೊಂಡು ಬಂದು ನನ್ನ ಪಕ್ಕ ಕೂತ.

ಜೂನ್ ತಿಂಗಳ ಒಂದು ಶನಿವಾರ. ಪಶ್ಚಿಮ ಸಿಡ್ನಿಯ ಒಂದು ಹೈಸ್ಕೂಲಿನ ಸಭಾಂಗಣ. ಬಾಗಿಲು ತೆರೆದಾಗಲೆಲ್ಲ ಚಳಿಗಾಳಿ ನುಗ್ಗುತ್ತಿತ್ತು. ನೆಲಕ್ಕೆ ಎರಡು ಮ್ಯಾಟ್ ಹಾಸಿ, ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿ, ಶಾಲಾ ಮಕ್ಕಳ ಕುಸ್ತಿ ಪಂದ್ಯ ನಡೆಸುತ್ತಿದ್ದರು. ಮೈಸೂರಿನಿಂದ ಬಂದು ಇನ್ನೂ ಹತ್ತು ದಿನ ಆಗಿರದ ನಮ್ಮಪ್ಪ, ಮಂಕಿ ಕ್ಯಾಪು ಹಾಕಿ, ಸ್ವೆಟರಿನ ಮೇಲೆ ಶಾಲು ಹೊದ್ದು, ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದರು.

ನಡೆದದ್ದು ಇಷ್ಟು. ಮಗನ ಗೆಳೆಯನೊಬ್ಬ ಮ್ಯಾಟಿಗೆ ಇಳಿಯುವ ಮುಂಚೆ ಇವನು ತಾತನನ್ನು ಕೇಳಿದ್ದಾನೆ, "ಅವನು ಗೆಲ್ತಾನಾ?" ಅಪ್ಪ ಆ ಹುಡುಗನ ಭುಜ, ನಿಲ್ಲುವ ರೀತಿ ಎಲ್ಲ ನೋಡಿ "ಹ್ಞೂಂ, ಗೆದ್ದಾನು" ಎಂದಿದ್ದಾರೆ. ಮಗನ ಕಿವಿಗೆ ಬಿದ್ದದ್ದು "ಗೆದ್ದ" ಎನ್ನುವಷ್ಟು ಮಾತ್ರ. ಓಡಿಹೋಗಿ ಗೆಳೆಯನಿಗೆ ಇಂಗ್ಲಿಷಿನಲ್ಲಿ, "ನೀನು ಗೆದ್ದಾಯ್ತು ಅಂತ ನಮ್ಮ ತಾತ ಹೇಳಿದ್ದಾರೆ, ಅವರಿಗೆ ಕುಸ್ತಿ ಗೊತ್ತು" ಎಂದು ಧೈರ್ಯ ತುಂಬಿದ್ದಾನೆ. ಗೆಳೆಯ ಒಂದು ನಿಮಿಷದೊಳಗೆ ಚಿತ್.

ನನಗೆ ನಗು ತಡೆಯಲಾಗಲಿಲ್ಲ. "ಗೆದ್ದಾನು ಅಂದ್ರೆ ಗೆದ್ದ ಅಂತಲ್ಲ ಕಣೋ."

"ಮತ್ತೆ?"

"ಮೇಬಿ ಅಂತ."

"ಗೆಲ್ಲಬಹುದು ಅಂದ್ರೆ?"

"ಅದೂ ಮೇಬಿನೇ."

"ಎರಡೂ ಒಂದೇನಾ? ಮತ್ತೆ 'ಗೆದ್ದ' ಅಂತ ಯಾಕೆ ಬರುತ್ತೆ? ಇನ್ನೂ ಕುಸ್ತಿನೇ ಆಗಿಲ್ವಲ್ಲ."

ಹೈಸ್ಕೂಲಿನಲ್ಲಿ ವ್ಯಾಕರಣದ ಮೇಷ್ಟ್ರು 'ಸಂಭಾವನಾರ್ಥಕ' ಎಂದು ಬರೆಸಿದ್ದು ನೆನಪಾಯಿತು. ಬಂದಾನು, ಹೋದಾಳು, ಮಳೆ ಬಂದೀತು. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ನಾನೇ ಆ ರೂಪವನ್ನು ಬಾಯಲ್ಲಿ ಆಡಿ ಎಷ್ಟು ವರ್ಷವಾಗಿತ್ತೋ.

ಅಪ್ಪಣೆಯ ಕನ್ನಡ

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಮಗ ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕನ್ನಡದಲ್ಲಿ ಕತೆ ಇತ್ತು, ಜಗಳ ಇತ್ತು, ಸುಳ್ಳೂ ಇತ್ತು. ಈಗ ಅವನಿಗೆ ಹದಿನಾಲ್ಕು. ವರ್ಷ ಕಳೆದಂತೆ ನಮ್ಮ ಕನ್ನಡ ಸವೆದು ಬರೀ ಅಪ್ಪಣೆಯ ಕನ್ನಡವಾಗಿಬಿಟ್ಟಿತ್ತು. ಏಳು, ಸ್ನಾನ ಮಾಡು, ಊಟಕ್ಕೆ ಬಾ, ಫೋನ್ ಇಡು. ಅವನ ಕಡೆಯಿಂದ ಹ್ಞೂಂ, ಬೇಡ, ಆಮೇಲೆ. ಭಾನುವಾರದ ಕನ್ನಡ ಶಾಲೆಯ ಪುಣ್ಯದಿಂದ ಅಕ್ಷರ ಕೂಡಿಸಿ ಓದುತ್ತಾನೆ. ಆದರೆ ಅನುಮಾನ ಬಂದರೆ, ವಾದ ಮಾಡಬೇಕಾದರೆ, ನಾಳೆ ಏನಾಗಬಹುದು ಎಂದು ಯೋಚಿಸಬೇಕಾದರೆ, ತಕ್ಷಣ ಇಂಗ್ಲಿಷಿಗೆ ಹಾರುತ್ತಾನೆ. ನಾವೂ ಜೊತೆಗೇ ಹಾರುತ್ತೇವೆ.

ಇಂಗ್ಲಿಷಿನಲ್ಲೂ ಅನುಮಾನಕ್ಕೆ ಬೇಕಾದಷ್ಟು ಮಾತಿದೆ, ಅದರ ಮೇಲೆ ದೂರಿಲ್ಲ. ನಮ್ಮ ಮನೆಯ ಕನ್ನಡದಲ್ಲಿ ಅದು ಉಳಿದಿರಲಿಲ್ಲ ಎನ್ನುವುದಷ್ಟೇ ನನ್ನ ಕೊರಗು.

ಕುಸ್ತಿ ನಮ್ಮ ಮನೆಗೆ ಬಂದದ್ದು ಆಕಸ್ಮಿಕವಾಗಿ. ಅಮೆರಿಕದ ಹಾಗೆ ಇಲ್ಲಿ ಹೈಸ್ಕೂಲಿಗೊಂದು ಕುಸ್ತಿ ತಂಡ ಇರುವುದಿಲ್ಲ. ಕ್ರಿಕೆಟ್, ಫುಟಿ, ರಗ್ಬಿ ಲೀಗಿನ ನಡುವೆ ಕುಸ್ತಿ ಸಣ್ಣ ಆಟ. ಕ್ಲಬ್ಬುಗಳೇ ಅದನ್ನು ಉಳಿಸಿಕೊಂಡು ಬಂದಿವೆ. ಮಗನ ತರಗತಿಯ ಹುಡುಗನೊಬ್ಬ ಅಂಥ ಕ್ಲಬ್ಬಿಗೆ ಎಳೆದುಕೊಂಡು ಹೋದ. ಕೋಚ್ ಇರಾನಿನಲ್ಲಿ ಹುಟ್ಟಿ ಬೆಳೆದವರು. ಮೊದಲ ತಿಂಗಳಲ್ಲೇ ಇವನಿಗೆ ಹುಚ್ಚು ಹಿಡಿಯಿತು. ಫೋನಿನಲ್ಲಿ ಸುದ್ದಿ ಕೇಳಿದ ನಮ್ಮಪ್ಪ, "ನಮ್ಮ ವಂಶದಲ್ಲಿ ಕೊನೆಗೂ ಒಬ್ಬ ಅಖಾಡಕ್ಕೆ ಇಳಿದನಲ್ಲ" ಎಂದು ಟಿಕೆಟ್ ಬುಕ್ ಮಾಡಿಸಿಯೇ ಬಿಟ್ಟರು.

ಜೋಡಿ ಕಟ್ಟುವವರ ಕಣ್ಣು

ಅಪ್ಪ ಪೈಲ್ವಾನರೇನೂ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆದರೆ ಬೀದಿಯ ಗರಡಿಮನೆ ಬಾಗಿಲಲ್ಲಿ ಕೂತು ಬೆಳೆದವರು. ಕೆಮ್ಮಣ್ಣಿನ ಮಟ್ಟಿ, ಎಣ್ಣೆಯ ವಾಸನೆ, ಗೋಡೆಯ ಮೇಲೆ ಆಂಜನೇಯ. ಇದನ್ನೆಲ್ಲ ನನಗೆ ನೂರು ಸಲ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಶನಿವಾರ ಮನೆಗೆ ಬಂದ ಮೇಲೆ ಮಗ ಬಿಡಲಿಲ್ಲ. "ಗೊತ್ತಿಲ್ಲ ಅಂದ್ಮೇಲೆ ಗೆದ್ದಾನು ಅಂತ ಯಾಕೆ ಹೇಳಿದ್ರಿ?" ಅಪ್ಪ ಸೋಫಾ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಜೋಡಿ ಕಟ್ಟುವುದನ್ನು ವಿವರಿಸಿದರು.

ಮೈಸೂರಿನಲ್ಲಿ ದಸರಾ ಕುಸ್ತಿ ನಡೆಯುವುದು ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ. ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕಿಶೋರ ಎಂಬ ಬಿರುದುಗಳಿಗೆ ಹೋರಾಟ. ಆದರೆ ನಾಡಕುಸ್ತಿಯಲ್ಲಿ ಅದಕ್ಕೂ ಮುಂಚೆ ಇನ್ನೊಂದು ಕೆಲಸವಿದೆ, ಜೋಡಿ ಕಟ್ಟುವುದು. ಯಾರಿಗೆ ಯಾರು ಎಂದು ಹಿರಿಯರು ಕೂತು ಗೊತ್ತು ಮಾಡುತ್ತಾರೆ. ಇಬ್ಬರನ್ನೂ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುತ್ತಾರೆ. ಎತ್ತರ, ತೂಕ, ಕತ್ತು, ತೊಡೆ ನೋಡುತ್ತಾರೆ. ಯಾವ ಗರಡಿ, ಉಸ್ತಾದ್ ಯಾರು, ಹೋದ ಜಾತ್ರೆಯಲ್ಲಿ ಯಾರನ್ನು ಕೆಡವಿದ, ಯಾರ ಕೈಲಿ ಬಿದ್ದ ಎಂದು ವಿಚಾರಿಸುತ್ತಾರೆ. ಎರಡೂ ಕಡೆಯವರು ಒಪ್ಪಿದರೆ ಜೋಡಿ ಆಯಿತು.

"ಈಗ ನೀನು ಹೇಳು ಕಂದ, ಒಳ್ಳೆ ಜೋಡಿ ಅಂದ್ರೆ ಯಾವುದು?"

"ಬೆಸ್ಟ್ ಪೈಲ್ವಾನ್ ಇರೋದು."

"ಅಲ್ಲ. ಯಾರು ಗೆಲ್ತಾರೆ ಅಂತ ಹೇಳೋಕಾಗಬಾರದು. ಅದೇ ಸರಿಜೋಡಿ. ಮೊದಲೇ ಗೊತ್ತಿದ್ರೆ ಜನ ಯಾಕಪ್ಪಾ ಬಿಸಿಲಲ್ಲಿ ಬಂದು ಕೂತ್ಕೋತಾರೆ?"

ನನಗೆ ಇದು ಹೊಸದು. ಗೆಲುವನ್ನು ಊಹಿಸಬಲ್ಲ ಕಣ್ಣೇ ಬೇಕು, ಆದರೆ ಆ ಕಣ್ಣಿನ ಕೆಲಸ ಯಾರೂ ಊಹಿಸಲಾಗದ ಕುಸ್ತಿಯನ್ನು ಕಟ್ಟುವುದು. ಮ್ಯಾಟ್ ಕುಸ್ತಿಯಲ್ಲಿ ಈ ಕೆಲಸವನ್ನು ತೂಕದ ಯಂತ್ರವೂ ಚೀಟಿ ಎತ್ತುವುದೂ ಮಾಡುತ್ತವೆ. ಒಂದೇ ತೂಕದ ಮಕ್ಕಳೆಲ್ಲ ಒಂದು ಗುಂಪು. ಅಪ್ಪನಿಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. "ಈ ವಯಸ್ಸಲ್ಲಿ ತೂಕ ಒಂದೇ ಆದ್ರೆ ಬಲ ಒಂದೇ ಆಗುತ್ತಾ? ಮೀಸೆ ಚಿಗುರಿದವನೂ ಚಿಗುರದವನೂ ಐವತ್ತೆರಡೇ ಕೆ.ಜಿ. ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ಬರಲ್ಲ. ಅದಕ್ಕೇ ನಾನು ಗೆಲ್ತಾನೆ ಅನ್ನಲಿಲ್ಲ, ಗೆದ್ದಾನು ಅಂದೆ."

ಆ ರಾತ್ರಿ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿತು. ಅಪ್ಪ ಹೇಳಿದ್ದು, ಮಗ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಬರೆದದ್ದು:

ಗೆದ್ದೇ ಗೆಲ್ತಾನೆ: ಅನುಮಾನವೇ ಇಲ್ಲ.
ಗೆಲ್ತಾನೆ: ನನಗೆ ನಂಬಿಕೆ ಇದೆ.
ಗೆಲ್ಲೋ ಹಾಗಿದೆ: ಕಣ್ಣಿಗೆ ಕಾಣ್ತಿದೆ.
ಗೆದ್ದಾನು: ಅಂದಾಜು ಅಷ್ಟೇ, ಪಂಥ ಕಟ್ಟಲ್ಲ.
ಗೆದ್ದರೂ ಗೆದ್ದಾನು: ಕಷ್ಟ, ಆದ್ರೆ ತಳ್ಳಿಹಾಕಬೇಡ.
ಗೆಲ್ಲಲಾರ: ಆಗೋ ಮಾತಲ್ಲ.

"ಗೆಲ್ಲಬಹುದು ಎಲ್ಲಿ?" ಎಂದು ಕೇಳಿದೆ. "ಅದನ್ನ ಯಾರ ಬಗ್ಗೆ ಬೇಕಾದ್ರೂ ಹೇಳಬಹುದು, ಅದಕ್ಕೆ ಕುಸ್ತಿ ನೋಡಬೇಕಾಗಿಲ್ಲ" ಎಂದರು ಅಪ್ಪ.

ಡಾರ್ಲಿಂಗ್ ಹಾರ್ಬರಿನಲ್ಲಿ ತಪ್ಪಿದ ಅಂದಾಜು

ಮರುವಾರ ಅಪ್ಪನನ್ನು ಡಾರ್ಲಿಂಗ್ ಹಾರ್ಬರಿಗೆ ಕರೆದುಕೊಂಡು ಹೋದೆವು. ಎಲ್ಲರಂತೆ ಒಪೆರಾ ಹೌಸ್, ಹಾರ್ಬರ್ ಬ್ರಿಡ್ಜ್ ಮುಗಿಸಿ ನೀರಿನ ಅಂಚಿನಲ್ಲಿ ನಡೆದುಕೊಂಡು ಬಂದು ಕನ್ವೆನ್ಷನ್ ಸೆಂಟರ್ ಮುಂದೆ ನಿಂತೆವು. ಈಗಿನ ಗಾಜಿನ ಕಟ್ಟಡ 2016ರದ್ದು. ಅದಕ್ಕೂ ಮುಂಚೆ ಅಲ್ಲಿದ್ದ ಹಳೆಯ ಕಟ್ಟಡದಲ್ಲಿ 2000ದ ಒಲಿಂಪಿಕ್ಸಿನ ಕುಸ್ತಿ ನಡೆಯಿತು. ವೇಟ್‌ಲಿಫ್ಟಿಂಗ್ ನಡೆದದ್ದೂ ಅಲ್ಲೇ. ಕರ್ಣಂ ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದು, ಒಲಿಂಪಿಕ್ಸ್ ಪದಕ ಪಡೆದ ಭಾರತದ ಮೊದಲ ಮಹಿಳೆಯಾದದ್ದು ಇದೇ ಜಾಗದಲ್ಲಿ. ಭಾರತಕ್ಕೆ ಆ ಸಲ ಬಂದ ಪದಕ ಅದೊಂದೇ. ಅಪ್ಪ ಅಲ್ಲೇ ನಿಂತು ಒಂದು ಫೋಟೋ ತೆಗೆಸಿಕೊಂಡರು.

ಮಗನಿಗೆ ಬೇಕಾಗಿದ್ದದ್ದು ಬೇರೆ ಕತೆ, ಅದನ್ನು ಅವನ ಕೋಚ್ ಹೇಳಿದ್ದರು. ಅವನೇ ಅದನ್ನು ತಾತನಿಗೆ ಹೇಳಿದ, ಕನ್ನಡದಲ್ಲಿ, ಅಲ್ಲಲ್ಲಿ ಎಡವುತ್ತ. 2000ದ ಸೆಪ್ಟೆಂಬರ್ 27. ಗ್ರೀಕೋ ರೋಮನ್ ಕುಸ್ತಿಯ 130 ಕೆ.ಜಿ. ಫೈನಲ್. ಒಂದು ಕಡೆ ರಷ್ಯಾದ ಅಲೆಕ್ಸಾಂಡರ್ ಕರೇಲಿನ್. 1988, 1992, 1996, ಮೂರು ಒಲಿಂಪಿಕ್ಸಿನಲ್ಲೂ ಚಿನ್ನ. ಹದಿಮೂರು ವರ್ಷ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಸೋತವನಲ್ಲ. ಇನ್ನೊಂದು ಕಡೆ ಅಮೆರಿಕದ ವಯೋಮಿಂಗ್ ರಾಜ್ಯದ, ಹಾಲಿನ ಹಸು ಸಾಕುವ ಮನೆಯಲ್ಲಿ ಬೆಳೆದ ರೂಲನ್ ಗಾರ್ಡ್ನರ್. ಮೂರು ವರ್ಷದ ಹಿಂದೆ ಇದೇ ಕರೇಲಿನ್ ಕೈಯಲ್ಲಿ ಸೋತಿದ್ದವನು. ಮೊದಲ ಸುತ್ತಿನಲ್ಲಿ ಇಬ್ಬರಿಗೂ ಅಂಕವಿಲ್ಲ. ಆಗಿನ ನಿಯಮದಂತೆ ಎರಡನೆಯ ಸುತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಕೈ ಕಟ್ಟಿಕೊಂಡು ನಿಲ್ಲಬೇಕಿತ್ತು. ಯಾರ ಕೈ ಮೊದಲು ಬಿಡುತ್ತದೋ ಅವರ ಎದುರಾಳಿಗೆ ಒಂದು ಅಂಕ. ಬಿಟ್ಟದ್ದು ಕರೇಲಿನ್ ಕೈ. ಕೊನೆಗೆ ಉಳಿದದ್ದು ಆ ಒಂದೇ ಅಂಕ, 1-0.

"ಆವತ್ತು ಇಲ್ಲಿದ್ದೋರೆಲ್ಲ ಕರೇಲಿನ್ ಗೆದ್ದೇ ಗೆಲ್ತಾನೆ ಅಂತ ಇದ್ರು ತಾತ. ಅಲ್ವಾ?"

"ಇದ್ದಾರು" ಎಂದರು ಅಪ್ಪ. ಆಮೇಲೆ, "ಆ ಹಾಲಿನ ಹುಡುಗನ ಮನೆಯವರು ಏನಂದಿದ್ರೋ?"

"ಗೆದ್ದರೂ ಗೆದ್ದಾನು ಅಂದಿರಬಹುದು" ಎಂದ ಮಗ.

ಯಾರೂ ಹೇಳಿಕೊಡದೆ ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ನೀರಿನ ಕಡೆ ತಿರುಗಿ ನಿಂತೆ. ಹದಿನಾಲ್ಕರ ಹುಡುಗರನ್ನು ಹೊಗಳಿದರೆ ಬಾಯಿ ಮುಚ್ಚಿಕೊಂಡುಬಿಡುತ್ತಾರೆ.

ಹ್ಯೂಮ್ ಹೆದ್ದಾರಿಯಲ್ಲಿ

ಜುಲೈ ರಜೆಯಲ್ಲಿ ಮೆಲ್ಬರ್ನ್‌ನಲ್ಲಿ ಒಂದು ಪಂದ್ಯಾವಳಿ. ಕ್ಲಬ್ಬಿನಿಂದ ನಾಲ್ಕು ಮಕ್ಕಳು ಹೊರಟರು. ವಿಮಾನದಲ್ಲಿ ಹೋದರೆ ಒಂದೂವರೆ ಗಂಟೆ. ಆದರೆ ಅಪ್ಪನಿಗೆ ಊರು ನೋಡಬೇಕು, ನನ್ನ ತಂಗಿ ಟಾರ್ನೀಟ್‌ನಲ್ಲಿ ಇದ್ದಾಳೆ, ಅವಳಿಗೆ ಮೈಸೂರಿಂದ ಬಂದ ಉಪ್ಪಿನಕಾಯಿ, ಹುಳಿಪುಡಿ ಸಾಗಿಸಬೇಕು. ಕಾರಿನಲ್ಲೇ ಹೊರಟೆವು. ಸುಮಾರು 880 ಕಿಲೋಮೀಟರ್.

ದಾರಿ ಸವೆಸಲು ಅಂದಾಜಿನ ಆಟ. ಮುಂದಿನ ಊರಿಗೆ ಎಷ್ಟು ಹೊತ್ತಿಗೆ ತಲುಪಿಯೇವು? ಮಳೆ ಬಂದೀತೇ? ಹತ್ತಿರ ಹೇಳಿದವರಿಗೆ ಒಂದು ಹಿಡಿ ಹುರಿದ ಕಡಲೆಕಾಯಿ. ದುಡ್ಡು ಮಾತ್ರ ಬೇಡ ಎಂದು ಅಪ್ಪ ಮೊದಲೇ ಕಟ್ಟಪ್ಪಣೆ ಮಾಡಿದ್ದರು. "ಬಾಜಿ ಕಟ್ಟೋಕೆ ಹೋಗಿ ಮನೆಮಠ ಕಳ್ಕೊಂಡೋರನ್ನ ಅಖಾಡದ ಪಕ್ಕದಲ್ಲೇ ನೋಡಿದೀನಿ." ಈ ದೇಶದಲ್ಲಿ ಆಟ ನೋಡಲು ಟಿವಿ ಹಾಕಿದರೆ ಬಾಜಿಯ ಜಾಹೀರಾತು ನುಗ್ಗುತ್ತದೆ. ಅಂದಾಜು ಮಾಡುವುದೇ ಬೇರೆ, ಪಣ ಕಟ್ಟುವುದೇ ಬೇರೆ ಎನ್ನುವುದು ತಾತನ ಬಾಯಿಂದ ಬಂದದ್ದು ಒಳ್ಳೆಯದಾಯಿತು. ನಾವು ಹೇಳಿದ್ದರೆ ಅದು ಇನ್ನೊಂದು ಅಪ್ಪಣೆ.

ಗೌಲ್ಬರ್ನ್‌ನಲ್ಲಿ 15 ಮೀಟರ್ ಎತ್ತರದ ಕಾಂಕ್ರೀಟ್ ಟಗರು ನಿಂತಿದೆ, ಮೆರಿನೋ ಉಣ್ಣೆಯ ನಾಡಿನ ಗುರುತಾಗಿ. ಅಪ್ಪ ಅದರ ಕೆಳಗೆ ನಿಂತು ತಲೆ ಎತ್ತಿ ನೋಡಿ, "ಟಗರು ಕಾಳಗಕ್ಕೆ ಇದಕ್ಕೆ ಜೋಡಿ ಕಟ್ಟೋದು ಕಷ್ಟ" ಎಂದರು. ಹೋಲ್‌ಬ್ರೂಕ್‌ನಲ್ಲಿ ಹಳೆಯ ಹೆದ್ದಾರಿಯ ಪಕ್ಕ, ಹುಲ್ಲಿನ ಮೇಲೆ, ಓಟ್ವೇ ಎಂಬ ಜಲಾಂತರ್ಗಾಮಿ ಮಲಗಿದೆ. ಸಮುದ್ರ ಅಲ್ಲಿಂದ ನೂರಾರು ಕಿಲೋಮೀಟರ್ ದೂರ. "ಇಲ್ಲಿ ಹಡಗು ಇದ್ದೀತು ಅಂತ ಯಾರು ಅಂದಾಜು ಮಾಡಿಯಾರು!" ಮಗ ಹಿಂದಿನ ಸೀಟಿನಲ್ಲಿ "ಮಾಡಿಯಾರು, ಮಾಡಿಯಾರು" ಎಂದು ಹೇಳಿಕೊಂಡು ನಕ್ಕ. ಪದ ಅವನಿಗೆ ರುಚಿಸಿತ್ತು.

ಆಲ್ಬರಿ ದಾಟಿ ಮರ್ರಿ ನದಿಯ ಆಚೆ ವಿಕ್ಟೋರಿಯಾ ಸೇರಿದ ಮೇಲೆ ಮಾತು ನಾಳಿದ್ದಿನ ಕುಸ್ತಿಗೆ ತಿರುಗಿತು. ಮಗನ ತೂಕದಲ್ಲಿ ಐದು ಹುಡುಗರ ಹೆಸರಿತ್ತು. ಆರಕ್ಕಿಂತ ಕಡಿಮೆ ಇದ್ದರೆ ನಾಕೌಟ್ ಇಲ್ಲ, ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ಒಟ್ಟು ಹತ್ತು ಕುಸ್ತಿ, ಒಬ್ಬೊಬ್ಬನಿಗೆ ನಾಲ್ಕು. ಅದರಲ್ಲಿ ಒಬ್ಬ ಹುಡುಗ ಎಲ್ಲರಿಗಿಂತ ಜೋರು ಎಂದು ಮಕ್ಕಳಿಗೆಲ್ಲ ಗೊತ್ತು. ಸ್ಟಿಯರಿಂಗ್ ಹಿಡಿದಿದ್ದ ನಮ್ಮವರೊಳಗಿನ ಇಂಜಿನಿಯರ್ ಎಚ್ಚೆತ್ತ. "ಪ್ರತಿ ಕುಸ್ತಿಲೂ ಅವನು ಗೆಲ್ಲೋ ಸಂಭವ ನೂರಕ್ಕೆ 80 ಅಂತ ಇಟ್ಕೋ. ನಾಲ್ಕೂ ಗೆಲ್ಲೋ ಸಂಭವ ಎಷ್ಟು?"

"80."

"ಗುಣಿಸು."

ಮಗ ಫೋನಿನಲ್ಲಿ ಗುಣಿಸಿದ. ನಾಲ್ಕು ಸಲ 0.8. ಬಂದದ್ದು 0.41. "ಅಂದ್ರೆ ಎಲ್ಲರಿಗಿಂತ ಜೋರಾಗಿರೋನು ಎಲ್ಲೋ ಒಂದು ಕಡೆ ಬೀಳೋ ಚಾನ್ಸೇ ಜಾಸ್ತಿನಾ?"

"ಅದಕ್ಕೇ ಕಂದ" ಎಂದರು ಮುಂದಿನ ಸೀಟಿನಿಂದ ಅಪ್ಪ, "ಒಂದು ಕುಸ್ತಿಗೆ ಗೆಲ್ತಾನೆ ಅನ್ನು. ಇಡೀ ದಿನಕ್ಕೆ ಗೆದ್ದಾನು ಅನ್ನು."

ನಾನು ಹಾಕಿದ ಟಿಕ್ ಗುರುತು

ತಂಗಿಯ ಮಗಳಿಗೆ ಹನ್ನೆರಡು. ಮೆಲ್ಬರ್ನ್ ಮಗು, ಅಂದರೆ ಫುಟಿ ಟಿಪ್ಪಿಂಗಿನಲ್ಲಿ ಪಳಗಿದವಳು. ಹದಿನೆಂಟು ತಂಡ, ಪೂರ್ತಿ ವಾರವಿದ್ದರೆ ಒಂಬತ್ತು ಪಂದ್ಯ, ಪ್ರತಿಯೊಂದಕ್ಕೂ ಗೆಲ್ಲುವವರನ್ನು ಆರಿಸಬೇಕು, ಸರಿಯಾದರೆ ಒಂದು ಅಂಕ. ಅಲ್ಲಿನ ಆಫೀಸುಗಳಲ್ಲಿ, ಮನೆಗಳಲ್ಲಿ ಇದು ಚಳಿಗಾಲದ ಊಟತಿಂಡಿಯಷ್ಟೇ ಸಹಜ. ಅವಳು ಊಟದ ಮೇಜಿನ ಮೇಲೆ ಹತ್ತೂ ಕುಸ್ತಿಗೆ ಗೆರೆ ಎಳೆದು, ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. "ದೊಡ್ಡಮ್ಮ, ಪ್ರಾಮಾಣಿಕವಾಗಿ ತುಂಬಬೇಕು."

ನಾನು ಪ್ರಾಮಾಣಿಕವಾಗಿಯೇ ತುಂಬಿದೆ. ಹಿಂದಿನ ಪಂದ್ಯಗಳ ವೀಡಿಯೊ ನೋಡಿದ್ದೆ. ಮಗನ ನಾಲ್ಕು ಕುಸ್ತಿಯಲ್ಲಿ ಒಂದರ ಮುಂದೆ ಮಾತ್ರ ಅವನ ಹೆಸರಿಗೆ ಟಿಕ್ ಹಾಕಿದೆ. ಉಳಿದ ಮೂರು ಎದುರಾಳಿಗಳಿಗೆ. ಹಾಳೆ ಮಡಿಸಿ ಡಬ್ಬಿಗೆ ಹಾಕಿ ಮಲಗಿದೆ.

ಬೆಳಗ್ಗೆ ಐದೂವರೆಗೆ, ತೂಕ ಕೊಡುವ ದಿನ ಎಂದು ಏನೂ ತಿನ್ನದೆ ಅಡುಗೆಮನೆಯಲ್ಲಿ ಕೂತಿದ್ದ ಮಗ ಡಬ್ಬಿ ಬಿಚ್ಚಿದ್ದ. ನಾನು ಕಾಫಿಗೆ ನೀರಿಡಲು ಹೋದಾಗ ನನ್ನ ಹಾಳೆ ಅವನ ಕೈಯಲ್ಲಿತ್ತು. ಏನೂ ಕೂಗಾಡಲಿಲ್ಲ. "ಮೂರು ಸೋಲು" ಎಂದ, ಕನ್ನಡದಲ್ಲೇ. ಅವನು ಇಂಗ್ಲಿಷಿನಲ್ಲಿ ರೇಗಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಿಜವಾಗಿ ಅನ್ನಿಸಿದ್ದನ್ನೇ ಹಾಕಿದೆ, ಆಟಕ್ಕೆ ತಾನೇ, ಎಂದು ಏನೇನೋ ತೊದಲಿದೆ. ಅವನು ತಲೆಯಾಡಿಸಿ ಇನ್ನೊಂದು ಹಾಳೆ ಬಿಡಿಸಿದ.

ಅದು ತಾತನದು. ಅವರು ಟಿಕ್ ಹಾಕಿರಲಿಲ್ಲ, ಬರೆದಿದ್ದರು. ಮೊಮ್ಮಗನ ನಾಲ್ಕು ಸಾಲಿನಲ್ಲಿ ಕ್ರಮವಾಗಿ: "ಸೋತಾನು." "ಗೆಲ್ತಾನೆ." "ಗೆದ್ದಾನು." "ಗೆದ್ದರೂ ಗೆದ್ದಾನು."

ಅಕ್ಷರ ಕೂಡಿಸಿ ಓದಿದ. ಮತ್ತೊಮ್ಮೆ ಓದಿದ. "ಸೋತಾನು ಅಂದ್ರೆ ಸೋಲ್ತಾನೆ ಅಂತ ಅಲ್ಲ. ಅಲ್ವಾ ಅಮ್ಮ?"

"ಅಲ್ಲ" ಎಂದೆ.

ಲೆಕ್ಕಕ್ಕೆ ಹಿಡಿದರೆ ನನ್ನದಕ್ಕೂ ಅಪ್ಪನದಕ್ಕೂ ದೊಡ್ಡ ವ್ಯತ್ಯಾಸವಿರಲಿಲ್ಲ. ಅಪ್ಪನಿಗೂ ಎರಡು ಕುಸ್ತಿ ಕಷ್ಟ ಎಂದೇ ಅನ್ನಿಸಿತ್ತು. ಮುಚ್ಚಿಟ್ಟೂ ಇರಲಿಲ್ಲ. ಆದರೆ ಟಿಕ್ ಗುರುತಿಗೆ ಹೌದು, ಇಲ್ಲ ಎರಡೇ ಗೊತ್ತು. ಅಪ್ಪನ ಕನ್ನಡ ಯಾವ ಸಾಲಿನಲ್ಲೂ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ.

ಕೋಚ್ ಮತ್ತು ತಾತ

ಪಂದ್ಯ ನಡೆದ ಜಾಗದಲ್ಲಿ ಕೋಚ್ ಅಪ್ಪನ ಪಕ್ಕ ಬಂದು ಕೂತರು. ಅಪ್ಪನ ಇಂಗ್ಲಿಷ್ ಬ್ಯಾಂಕಿನ ಇಂಗ್ಲಿಷ್. ಕೋಚ್ ಅವರ ಇಂಗ್ಲಿಷ್ ಅವಸರದ್ದು. ಮೊದಲು ಇಬ್ಬರೂ ಸುಮ್ಮನೆ ನಕ್ಕರು. ಆಮೇಲೆ ಅಪ್ಪ ಮ್ಯಾಟಿನ ಕಡೆ ಕೈ ತೋರಿಸಿ "ಕುಸ್ತಿ" ಎಂದರು. ಕೋಚ್ ಕಣ್ಣರಳಿಸಿ "ಕೊಶ್ತಿ!" ಎಂದರು. ಅಪ್ಪ "ಪೈಲ್ವಾನ್" ಎಂದರೆ ಅವರು "ಪಹ್ಲವಾನ್". ಇವರು "ಉಸ್ತಾದ್" ಎಂದು ಕೈ ಮುಗಿದರೆ ಅವರು "ಓಸ್ತಾದ್" ಎಂದು ಎದೆಯ ಮೇಲೆ ಕೈಯಿಟ್ಟರು. ಮೂರೂ ಪಾರಸಿಯಿಂದ ನಮಗೆ ಬಂದ ಮಾತುಗಳೇ. ಮಗ ನೋಡುತ್ತ ನಿಂತಿದ್ದ. ಮನೆಯಲ್ಲಿ ಮಾತ್ರ ನಡೆಯುವ ನಾಣ್ಯ ಎಂದುಕೊಂಡಿದ್ದ ಕನ್ನಡದ ಪದಗಳು ತನ್ನ ಕೋಚ್ ಹತ್ತಿರ ಚಲಾವಣೆಯಾಗುತ್ತಿದ್ದವು.

"ನಿಮ್ಮ ಅಂದಾಜು ಏನು?" ಎಂದು ಅಪ್ಪ ಕೇಳಿದ್ದನ್ನು ಮಗ ಇಂಗ್ಲಿಷಿಗೆ ತಿರುಗಿಸಲು ಹೊರಟ. ಕೋಚ್ ತಡೆದರು. "ಅಂದಾಜೆ?" ಅವರ ಭಾಷೆಯಲ್ಲಿ ಅದಕ್ಕೆ ಅಳತೆ ಎಂಬ ಅರ್ಥವಂತೆ. ಅಳತೆ ಮಾಡಿ ನೋಡುವುದೇ ಅಂದಾಜು. ಅಪ್ಪನಿಗೆ ಅದು ಬಹಳ ಹಿಡಿಸಿತು.

ಇನ್ನು ಕುಸ್ತಿ. ಎರಡು ನಿಮಿಷದ ಎರಡು ಸುತ್ತು. ಎದುರಾಳಿಯನ್ನು ನೆಲಕ್ಕೆ ತಂದು ಹಿಂದೆ ಬಂದರೆ ಎರಡು ಅಂಕ. ಹತ್ತು ಅಂಕದ ಅಂತರವಾದರೆ ಅಲ್ಲಿಗೆ ಮುಗಿಯಿತು. ಎರಡೂ ಭುಜ ಮ್ಯಾಟಿಗೆ ತಾಗಿದರೆ ಅಂಕದ ಮಾತೇ ಇಲ್ಲ, ಚಿತ್.

ಮೊದಲನೆಯದು, ಆ ಜೋರು ಹುಡುಗನ ಜೊತೆ. ಮೊದಲ ಸುತ್ತಿನಲ್ಲೇ ಹತ್ತು ಅಂಕ ಹೋಯಿತು. ಎರಡನೆಯದು ಎಲ್ಲರೂ ಹೇಳಿದಂತೆ ಗೆದ್ದ. ಮೂರನೆಯದರಲ್ಲಿ, ನಾನು ಸೋಲು ಎಂದು ಗುರುತು ಹಾಕಿದ್ದು, ಅಪ್ಪ "ಗೆದ್ದಾನು" ಎಂದು ಬರೆದದ್ದು, ಹಿಂದೆ ಬಿದ್ದಿದ್ದವನು ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ಕಾಲು ಹಿಡಿದು ಎಳೆದು 5-4ರಲ್ಲಿ ಗೆದ್ದ. ನಾನು ಕೂಗಿದ ಕೂಗಿಗೆ ಪಕ್ಕದವರು ತಿರುಗಿ ನೋಡಿದರು. ನಾಲ್ಕನೆಯದು ಹಿಂದೊಮ್ಮೆ ಸೋತಿದ್ದ ಹುಡುಗನ ಜೊತೆ. ಸಮಸಮ ಆಡಿ 6-4ರಲ್ಲಿ ಮತ್ತೆ ಸೋತ. ನನ್ನ ಅಂದಾಜು ಸರಿಯಾಗಿತ್ತು. ಇಂಥ ಕಡೆ ಸರಿಯಾಗುವಷ್ಟು ಬೇಜಾರು ಮತ್ತೊಂದಿಲ್ಲ. ಜೋರು ಹುಡುಗ ನಾಲ್ಕಕ್ಕೆ ನಾಲ್ಕೂ ಗೆದ್ದ. 41ರ ಸಂಭವವೂ ಸಂಭವವೇ.

ಮಗ ಬೆವರು ಒರೆಸಿಕೊಳ್ಳುತ್ತ ಬಂದು ತಾತನ ಮುಂದೆ ನಿಂತ. "ಗೆದ್ದರೂ ಗೆದ್ದಾನು ಅಂದಿದ್ರಿ. ಸೋತೆ."

"ಆ ಮಾತಿನಲ್ಲಿ ಸೋಲೂ ಇತ್ತಲ್ಲ ಕಂದ. ಮುಂದಿನ ಸಲ ಬರೀ ಗೆದ್ದಾನು ಅಂತ ಬರೀತೀನಿ. ಒಂದು ಮೆಟ್ಟಿಲು ಮೇಲೆ."

ಕಾರ್ಲ್ಟನ್ನಿನ ಗುಮ್ಮಟದ ಕೆಳಗೆ

ಹೊರಡುವ ಮುನ್ನ ಕಾರ್ಲ್ಟನ್ ಗಾರ್ಡನ್ಸಿಗೆ ಹೋಗಿಬನ್ನಿ ಎಂದು ಕೋಚ್ ಹೇಳಿದ್ದರು. ಅಲ್ಲಿರುವ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್ 1880ರಲ್ಲಿ ಕಟ್ಟಿದ್ದು. 1901ರಲ್ಲಿ ಆಸ್ಟ್ರೇಲಿಯಾದ ಮೊದಲ ಸಂಸತ್ತು ಆರಂಭವಾದದ್ದು ಅದರೊಳಗೆ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೋಚ್ ಅವರಿಗೆ ಮುಖ್ಯವಾದದ್ದು ಇದ್ಯಾವುದೂ ಅಲ್ಲ. 1956ರ ಒಲಿಂಪಿಕ್ಸಿನ ಕುಸ್ತಿ ನಡೆದದ್ದು ಆ ಗುಮ್ಮಟದ ಕೆಳಗೆ, ಮತ್ತು ಇರಾನಿನ ಗುಲಾಮ್‌ರೆಜಾ ತಖ್ತಿ ಚಿನ್ನ ಗೆದ್ದದ್ದು ಅಲ್ಲಿ. ಅದಕ್ಕೆ ಮುಂಚಿನ ಹೆಲ್ಸಿಂಕಿಯಲ್ಲೂ ಆಮೇಲಿನ ರೋಮಿನಲ್ಲೂ ಅವನಿಗೆ ಸಿಕ್ಕಿದ್ದು ಬೆಳ್ಳಿ. ಎದುರಾಳಿಯ ಮೊಣಕಾಲಿಗೆ ಪೆಟ್ಟಾಗಿದೆ ಎಂದು ತಿಳಿದು ಆ ಕಾಲಿಗೆ ಕೈಯನ್ನೇ ಹಾಕಲಿಲ್ಲ ಎಂದು ಅವನ ಬಗ್ಗೆ ಇರಾನಿನಲ್ಲಿ ಇಂದಿಗೂ ಕತೆ ಹೇಳುತ್ತಾರಂತೆ.

ಸಿಡ್ನಿಯ ಕಟ್ಟಡ ಹೋಗಿದೆ, ಮೆಲ್ಬರ್ನಿನದು ನಿಂತಿದೆ. ಕಾರಂಜಿಯ ಪಕ್ಕದ ಬೆಂಚಿನಲ್ಲಿ ತಾತ ಮೊಮ್ಮಗ ಕೂತಿದ್ದರು. ಗುಮ್ಮಟದ ಮೇಲೆ ಮೋಡ ಕಟ್ಟುತ್ತಿತ್ತು.

"ತಾತ, ಮುಂದಿನ ವರ್ಷ ನೀವು ಬರ್ತೀರಾ?"

ಅಪ್ಪನಿಗೆ ಎಪ್ಪತ್ತೆಂಟು. ಮಂಡಿನೋವು, ಸಕ್ಕರೆ, ಹದಿಮೂರು ಗಂಟೆಗೂ ಮಿಕ್ಕಿದ ವಿಮಾನ ಪ್ರಯಾಣ. ನಾನಾಗಿದ್ದರೆ "ಖಂಡಿತ ಬರ್ತಾರೆ" ಎಂದು ಮಗುವಿಗೆ ಹೇಳುವ ಸುಳ್ಳು ಹೇಳಿಬಿಡುತ್ತಿದ್ದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು.

"ಬಂದೇನು" ಎಂದರು.

ಮಗ ಅದನ್ನು ಅಳೆದು ನೋಡುತ್ತಿದ್ದುದು ಅವನ ಮುಖದಲ್ಲಿ ಕಾಣುತ್ತಿತ್ತು. ಬರ್ತೀನಿ ಅಲ್ಲ. ಬರಲಾರೆ ಅಲ್ಲ. ಯಾವ ಮೆಟ್ಟಿಲು ಎಂದು ಅವನಿಗೆ ಗೊತ್ತಾಯಿತು. ತಾತನ ಶಾಲು ಸರಿಮಾಡಿ, "ಮಳೆ ಬಂದೀತು, ಏಳಿ" ಎಂದ.

ನಿಮ್ಮ ಮನೆಯಲ್ಲೂ ಮಾಡಿ ನೋಡಿ

ಕುಸ್ತಿಯೇ ಆಗಬೇಕಿಲ್ಲ. ಫುಟಿ, ಕ್ರಿಕೆಟ್, ಶಾಲೆಯ ಓಟದ ಪಂದ್ಯ, ನಾಳೆಯ ಹವಾಮಾನ, ಯಾವುದಾದರೂ ಸರಿ. ಮಗುವಿಗೆ ಗೊತ್ತಿರುವ, ನಮಗೆ ಅಷ್ಟಾಗಿ ಗೊತ್ತಿಲ್ಲದ ವಿಷಯವಾದರೆ ಇನ್ನೂ ಒಳ್ಳೆಯದು. ಆಗ ಕನ್ನಡದಲ್ಲಿ ವಿವರಿಸುವ ಕೆಲಸ ಅವರದಾಗುತ್ತದೆ.

ಟಿಕ್ ಗುರುತು ಬೇಡ, ಮಾತಿನಲ್ಲಿ ಬರೆಯಿಸಿ. ಗೆಲ್ತಾರೆ, ಗೆದ್ದಾರು, ಗೆದ್ದರೂ ಗೆದ್ದಾರು. ಯಾಕೆ ಈ ಮೆಟ್ಟಿಲು ಎಂದು ಒಂದು ಕಾರಣ ಕೇಳಿ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ಫೋನಿನಲ್ಲಿ ಒಂದು ಹಾಳೆ ಕೊಡಿ. ನಮಗಿಂತ ಅವರ ಬಾಯಲ್ಲಿ ಈ ರೂಪಗಳು ಇನ್ನೂ ಜೀವಂತವಾಗಿವೆ.

ಪಣ ಕಡಲೆಕಾಯಿಯಷ್ಟೇ ಇರಲಿ. ಬೇರೆ ಮಕ್ಕಳ ಹೆಸರಿರುವ ಹಾಳೆ ಮನೆಯೊಳಗೇ ಇರಲಿ, ವಾಟ್ಸಾಪಿಗೆ ಹಾಕಬೇಡಿ. ನಿಮ್ಮದೇ ಮಗು ಕಣದಲ್ಲಿದ್ದರೆ, ಸುಳ್ಳು ಹೇಳಬೇಡಿ, ಟಿಕ್ಕನ್ನೂ ಹಾಕಬೇಡಿ. ಅದಕ್ಕೆಂದೇ ಕನ್ನಡದಲ್ಲಿ ಮಾತಿದೆ.

ಅಪ್ಪ ಆಗಸ್ಟಿನಲ್ಲಿ ಮೈಸೂರಿಗೆ ಹೊರಟರು. ಈಗ ಭಾನುವಾರ ಸಂಜೆ ಮಗ ತಾನಾಗಿಯೇ ವೀಡಿಯೊ ಕಾಲ್ ಮಾಡುತ್ತಾನೆ. ದಸರಾ ಕುಸ್ತಿಯ ಜೋಡಿಗಳ ಪಟ್ಟಿ ಬಂದೊಡನೆ ಅದರ ಫೋಟೋ ಕಳಿಸಬೇಕೆಂದು ತಾತನಿಗೆ ಈಗಲೇ ಅಪ್ಪಣೆಯಾಗಿದೆ.